ಅವ್ವನ ದುಭಾಷಿ

ಗುಜರಾತಿನ ಮಕರಪುರದಲ್ಲಿ ನಾವಿದ್ದ ಮನೆಯಲ್ಲಿ ಎಲ್ಲಕ್ಕಿಂತ ಚಿಕ್ಕ ಕೋಣೆ ಅಡುಗೆಮನೆ. ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡುತ್ತಿದ್ದುದೂ ಅದೇ. ಅಪ್ಪ ಅಲ್ಲಿನ ಕೈಗಾರಿಕಾ ಪ್ರದೇಶದ ಒಂದು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಗದಗಿನಿಂದ ಗಂಟುಮೂಟೆ ಕಟ್ಟಿಕೊಂಡು ಬಂದ ನಮಗೆ ಕಾರ್ಖಾನೆಗೆ ಹತ್ತಿರದ ವಸತಿ ಸೊಸೈಟಿಯೊಂದರಲ್ಲಿ ಜೋಡಿಮನೆಯ ಅರ್ಧ ಸಿಕ್ಕಿತ್ತು. ಇನ್ನರ್ಧದಲ್ಲಿ ಒಂದು ಗುಜರಾತಿ ಕುಟುಂಬ. ಎರಡಕ್ಕೂ ನಡುವೆ ಒಂದೇ ಗೋಡೆ. ಕಟ್ಟಿದವನು ಯಾವ ಧೈರ್ಯದಲ್ಲಿ ಕಟ್ಟಿದ್ದನೋ, ನಮ್ಮ ಅಡುಗೆಕಟ್ಟೆಯ ಕಲ್ಲುಚಪ್ಪಡಿಯ ಒಂದು ಅಂಚನ್ನು ಆ ಗೋಡೆಯೊಳಕ್ಕೇ ಹುಗಿದಿದ್ದ. ಆ ಕಲ್ಲಿನ ಮೇಲೆ ಅವ್ವ ದಿನಾ ಸಂಜೆ ಏಳಕ್ಕೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಬಳೆಗಳನ್ನು ಮೊಣಕೈವರೆಗೆ ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಟ್ಟಿನ ಉಂಡೆಯನ್ನು ಒಂದು ಸಲ ಕೆಕ್ಕರಿಸಿ ನೋಡಿ ಶುರುಮಾಡಿದಳೆಂದರೆ ಕಪಾಟಿನಲ್ಲಿದ್ದ ಸ್ಟೀಲ್ ಲೋಟಗಳೆಲ್ಲ ತಾಳ ಹಾಕುತ್ತಿದ್ದವು. ಹದಿನಾಲ್ಕು ರೊಟ್ಟಿ ಮುಗಿಯುವವರೆಗೆ ಆ ಮನೆಯಲ್ಲಿ ಯಾರೂ ಯಾರ ಜೊತೆಗೂ ಮಾತಾಡುವಂತಿರಲಿಲ್ಲ.

ನನಗಾಗ ಹದಿಮೂರು ದಾಟಿ ಹದಿನಾಲ್ಕು. ಆ ವಯಸ್ಸಿನಲ್ಲಿ ನನಗೆ ನನ್ನ ಮನೆಯ ಬಗ್ಗೆ ಏನೇನು ನಾಚಿಕೆ ಇತ್ತು ಎಂದು ಬರೆಯಹೊರಟರೆ ಬೇರೆಯೇ ಪುಸ್ತಕವಾದೀತು. ರೊಟ್ಟಿಯ ಸದ್ದು, ರೊಟ್ಟಿಯ ಬಣ್ಣ, ಡಬ್ಬಿಯಲ್ಲಿ ಅದು ಒಣಗಿ ಸೆಟೆದುಕೊಳ್ಳುವ ರೀತಿ, ಎಲ್ಲದಕ್ಕೂ ನಾಚಿಕೆ. ಶಾಲೆಯಲ್ಲಿ ಉಳಿದ ಹುಡುಗಿಯರು ಮೆತ್ತನೆಯ ಥೇಪ್ಲಾ ಮಡಚಿ ತಿನ್ನುತ್ತಿದ್ದರೆ ನಾನು ಕಟಕಟ ಮುರಿಯುತ್ತಿದ್ದೆ. ಅದೇನು, ಹಪ್ಪಳವೇ, ಎಂದು ಒಬ್ಬಳು ಕೇಳಿದ ದಿನದಿಂದ ನಾನು ಹೌದು ಹಪ್ಪಳವೇ ಎಂದು ಹೇಳತೊಡಗಿದೆ. ಇವೆಲ್ಲದಕ್ಕಿಂತ ದೊಡ್ಡ ನಾಚಿಕೆ ಅವ್ವನ ಮಾತು. ಅವಳಿಗೆ ಗುಜರಾತಿ ಬರುತ್ತಿರಲಿಲ್ಲ. ಹಿಂದಿಯಲ್ಲಿ ‘ನಹೀ’ ಮತ್ತು ‘ಬಸ್’ ಬರುತ್ತಿದ್ದವು. ಆದರೆ ಅದರಿಂದ ಅವಳೇನೂ ಮೌನಿಯಾಗಲಿಲ್ಲ. ಎದುರಿಗಿದ್ದವರು ಯಾರೇ ಆಗಲಿ, ಗದಗಿನ ಸಂತೆಯಲ್ಲಿ ನಿಂತ ಹಾಗೆ ಶುದ್ಧ ಕನ್ನಡದಲ್ಲಿ ಎಲ್ಲವನ್ನೂ ವಿವರವಾಗಿ ಹೇಳಿ, ಕೊನೆಗೆ ನನ್ನ ಕಡೆ ಗದ್ದ ತಿರುಗಿಸುತ್ತಿದ್ದಳು. ಅಂದರೆ, ಇನ್ನು ನೀನು ಹೇಳು ಎಂದು.

ಹೀಗೆ, ಶಾಲೆಯಲ್ಲಿ ಕಲಿತ ಹಿಂದಿ ಮತ್ತು ಅಲ್ಲಿ ಹೊಸದಾಗಿ ಹಿಡಿದುಕೊಂಡ ಗುಜರಾತಿಯ ಬಲದಲ್ಲಿ, ನಾನು ಅವ್ವನ ದುಭಾಷಿಯಾದೆ. ನೇಮಿಸಿದವರು ಯಾರೂ ಇಲ್ಲದ, ತೆಗೆದುಹಾಕುವವರೂ ಇಲ್ಲದ ಹುದ್ದೆ ಅದು. ಇಂಥ ಹುದ್ದೆಯಲ್ಲಿದ್ದವರು ಕೆಡದೆ ಇರುತ್ತಾರೆಯೇ? ನಾನು ಬಹಳ ಬೇಗ ಕೆಟ್ಟೆ. ಅವ್ವ ಹತ್ತು ಮಾತು ಹೇಳಿದರೆ ಮೂರನ್ನು ದಾಟಿಸುತ್ತಿದ್ದೆ. ತರಕಾರಿ ಗಾಡಿಯವನಿಗೆ ಅವಳು, “ಬದನೀಕಾಯಿ ಒಳಗ ಹುಳ ಅದಾವ, ಮ್ಯಾಲ ನೀರ ಹೊಡದ ಮಿಂಚಸಾಕತ್ತೀಯಲ್ಲೋ, ನಿನ್ನ ಮನ್ಯಾಗ ಇದನ್ನ ತಿಂತಾರೇನು?” ಎಂದರೆ, ನಾನು “ಭಯ್ಯಾ, ಸ್ವಲ್ಪ ಕೊತ್ತಂಬರಿ ಹಾಕಿ” ಎನ್ನುತ್ತಿದ್ದೆ. ಅವನು ಹಾಕುತ್ತಿದ್ದ. ತನ್ನ ಮಾತಿಗೆ ಹೆದರಿ ಹಾಕಿದ ಎಂದು ಅವ್ವ ಬೀಗುತ್ತಿದ್ದಳು. ಡಾಕ್ಟರ ಮುಂದೆ ಕೂತು ಅವಳು ನೋವು ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಕತ್ತಿಗೆ ಇಳಿಯುತ್ತದೆ, ಬಗ್ಗಿದಾಗ ಹೇಗೆ, ಎದ್ದಾಗ ಹೇಗೆ ಎಂದು ಐದು ನಿಮಿಷ ಹೇಳುತ್ತಿದ್ದಳು. ಹೊರಗೆ ಕೂತವರೆಲ್ಲ ಬಾಗಿಲ ಸಂದಿಯಿಂದ ನಮ್ಮನ್ನೇ ನೋಡುತ್ತಿದ್ದಾರೆ ಎಂದು ನನಗೆ ಅನ್ನಿಸಿ, “ತಲೆನೋವು” ಎಂದು ಮುಗಿಸುತ್ತಿದ್ದೆ. ಆ ವರ್ಷ ಅವ್ವ ಮೂರು ಬೇರೆ ಬೇರೆ ನೋವುಗಳಿಗೆ ಒಂದೇ ಗುಲಾಬಿ ಮಾತ್ರೆ ನುಂಗಿದಳು. ಇದನ್ನು ನಗುತ್ತಲೇ ಬರೆಯಬೇಕೆಂದುಕೊಂಡಿದ್ದೆ, ಆದರೆ ಈ ವಾಕ್ಯದ ಹತ್ತಿರ ನನಗೆ ಈಗಲೂ ನಗು ಬರುವುದಿಲ್ಲ.

ಆ ಮನೆಗೆ ಹೋಗಿ ತಿಂಗಳಾಗಿರಬಹುದು, ಗೋಡೆ ಉತ್ತರ ಕೊಡತೊಡಗಿತು. ಅವ್ವ ಒಂದು ರೊಟ್ಟಿ ಬಡಿದು ಹಂಚಿಗೆ ಹಾಕುವಷ್ಟರಲ್ಲಿ ಆಚೆಯಿಂದ ಟಕ್ ಟಕ್ ಟಕ್. ಇನ್ನೊಂದು ಬಡಿದರೆ ಮತ್ತೆ ಟಕ್ ಟಕ್ ಟಕ್. ಅವ್ವ ಕೈ ನಿಲ್ಲಿಸಿ ಗೋಡೆಯನ್ನು ನೋಡುತ್ತಿದ್ದಳು. “ಅವರಿಗೆ ತ್ರಾಸ ಆಗಾಕತ್ತೇತೇನ?” ಎಂದು ಅಪ್ಪನನ್ನು ಕೇಳಿದಳು. ಅಪ್ಪ ಪೇಪರಿನಿಂದ ತಲೆ ಎತ್ತದೆ, “ಅವರೂ ರೊಟ್ಟಿ ಮಾಡತಿರಬೇಕು” ಎಂದ. ಅದಾಗಿ ಒಂದು ವಾರಕ್ಕೆ ಆಚೆಮನೆಯ ಹುಡುಗಿ ನಮ್ಮ ಬಾಗಿಲಿಗೆ ಬಂದಳು. ಎರಡು ಜಡೆ, ಒಂದು ಕೈಯಲ್ಲಿ ಟ್ಯೂಷನ್ನಿನ ಚೀಲ. ನಮ್ಮ ಶಾಲೆಯಲ್ಲೇ, ನನ್ನದೇ ತರಗತಿಯ ಇನ್ನೊಂದು ವಿಭಾಗದಲ್ಲಿದ್ದ ಕಿಂಜಲ್. ಅವಳ ಜೊತೆ ಹೇಗಾದರೂ ಮಾತಾಡಬೇಕೆಂದು ನಾನು ಎಷ್ಟೋ ದಿನದಿಂದ ಕಾದಿದ್ದೆ, ಯಾಕೆಂದರೆ ಆ ಊರಿನಲ್ಲಿ ನನಗೆ ಒಬ್ಬ ಗೆಳತಿಯೂ ಇರಲಿಲ್ಲ.

“ನಮ್ಮ ಬಾ ಕೇಳಿಕೊಂಡು ಬಾ ಅಂದರು,” ಎಂದಳು. ಬಾ ಎಂದರೆ ಅವಳ ಅಜ್ಜಿ. “ಬಾಗೆ ಕಿವಿ ಕೇಳಿಸೋದಿಲ್ಲ. ಆದರೆ ಅವರ ಮಂಚ ಈ ಗೋಡೆಗೇ ಇದೆ. ದಿನಾ ಏಳು ಗಂಟೆಗೆ ಯಾರೋ ಗೋಡೆ ತಟ್ಟಿ ಅವರನ್ನ ಕರೀತಾರಂತೆ. ಅವರೂ ಕೋಲಿನಿಂದ ತಟ್ಟಿ ಉತ್ತರ ಕೊಡ್ತಾರಂತೆ. ಕರೆಯೋದು ಯಾರು, ಯಾಕೆ ಅಂತ ಕೇಳಿ ಬಾ ಅಂದರು.”

ಒಳಗಿನಿಂದ ಅವ್ವ ಹಿಟ್ಟಿನ ಕೈಯಲ್ಲೇ ಬಂದಳು.

“ಏನಂತವಾ? ಏನ್ ಕೇಳಾಕತ್ತಾಳ ಹುಡುಗಿ?”

ನಾನು ಆಗ ಹೇಳಿದ್ದನ್ನು ಸಮರ್ಥಿಸಿಕೊಳ್ಳಲು ಇಷ್ಟು ವರ್ಷವಾದರೂ ಒಂದು ಒಳ್ಳೆಯ ಕಾರಣ ಸಿಕ್ಕಿಲ್ಲ. ಹಪ್ಪಳವೆಂದು ಹೇಳಿದ್ದ ವಸ್ತುವಿನ ತಯಾರಿಕೆ ಇದು ಎಂದು ಈ ಹುಡುಗಿಗೆ ಗೊತ್ತಾಗಬಾರದಿತ್ತು. ಆ ಸದ್ದು ನಿಲ್ಲಬೇಕಿತ್ತು. ಎರಡೂ ಒಂದೇ ಏಟಿಗೆ ಆಗುವ ಅವಕಾಶ ಬಾಗಿಲಲ್ಲಿ ನಿಂತಿತ್ತು.

“ಸಪ್ಪಳ ಭಾಳ ಆಗತೈತಂತ,” ಎಂದೆ ಅವ್ವನಿಗೆ. “ಅವರ ಅಜ್ಜಿಗೆ ಆರಾಮಿಲ್ಲಂತ. ಬಡಿಯೋದ ನಿಲ್ಲಸ್ರಿ ಅಂತಾರ.”

ಕಿಂಜಲ್ ಕಡೆ ತಿರುಗಿ, “ಅಮ್ಮ ಗೋಡೆಗೆ ಮೊಳೆ ಹೊಡೀತಾ ಇದ್ದಳು. ಮುಗೀತು,” ಎಂದೆ.

“ಒಂದು ತಿಂಗಳಿಂದಲಾ?”

“ನಮ್ಮ ಮನೆಯಲ್ಲಿ ಫೋಟೋ ಜಾಸ್ತಿ.”

ಅವಳು ನಮ್ಮ ಖಾಲಿ ಗೋಡೆಗಳ ಕಡೆ ಒಂದು ಸಲ ಕಣ್ಣಾಡಿಸಿದಳು. ಆಮೇಲೆ, ಪಾಪ, ಮಾರನೆಯ ದಿನ ಶಾಲೆಗೆ ಸೈಕಲ್ಲಿನಲ್ಲಿ ಜೊತೆಗೇ ಹೋಗೋಣವೇ ಎಂದು ಕೇಳಿದಳು. ನನ್ನ ಜೀವನದ ಅತ್ಯುತ್ತಮ ಗೆಳೆತನ ಹೀಗೆ ಐದು ಶುದ್ಧ ಸುಳ್ಳುಗಳ ಮೇಲೆ ಶುರುವಾಯಿತು.

ಶಿಕ್ಷೆ ಮಾತ್ರ ಅದೇ ಸಂಜೆಯಿಂದಲೇ ಜಾರಿಗೆ ಬಂತು. ಅವ್ವ ಅರ್ಧಂಬರ್ಧ ಕೆಲಸ ಮಾಡುವವಳಲ್ಲ. ಮೊದಲು ಕಲ್ಲಿನ ಮೇಲೆ ಗೋಣಿಚೀಲ ಮಡಚಿ ಹಾಸಿ, ಅದರ ಮೇಲೆ ಮಣೆಯಿಟ್ಟು, ಮಗುವಿನ ಬೆನ್ನು ತಟ್ಟಿದಂತೆ ರೊಟ್ಟಿ ತಟ್ಟಿ ನೋಡಿದಳು. ಅವು ಅಂಗೈ ದಪ್ಪಕ್ಕಿಂತ ತೆಳುವಾಗಲಿಲ್ಲ. ಅಪ್ಪ ಒಂದನ್ನು ಕೈಯಲ್ಲಿ ತೂಗಿ, “ಇದನ್ನ ತಿನ್ನಬೇಕೋ, ಗಾಳಿಗೆ ಬಾಗಲಾ ಬಡೀದಂಗ ಆನಿಸಿ ಇಡಬೇಕೋ?” ಎಂದ. ಅವ್ವ ಮೂರು ದಿನ ಅವನ ಜೊತೆ ಮಾತು ಬಿಟ್ಟಳು. ನಾಲ್ಕನೆಯ ದಿನ ರೊಟ್ಟಿ ಬಿಟ್ಟಳು. ನಮ್ಮ ಮನೆಯಲ್ಲಿ ದಿನಾ ಚಪಾತಿಯಾಗತೊಡಗಿತು. ನಾನು ಬಯಸಿದ್ದು ಅಷ್ಟೇ. ಆದರೆ ಅವ್ವ ಅಲ್ಲಿಗೆ ನಿಲ್ಲಲಿಲ್ಲ. ಆರಾಮಿಲ್ಲದ ಮುದುಕಿ ಗೋಡೆಯಾಚೆ ಮಲಗಿದ್ದಾಳೆ ಎಂದು ಇಡೀ ಮನೆಗೆ ಬೀಗ ಹಾಕಿದಳು. ಟಿವಿಯ ಧ್ವನಿ ಇರುವೆಯ ಮಟ್ಟಕ್ಕೆ ಇಳಿಯಿತು. ನಾನು ಹಾಡು ಹಾಕುವಂತಿಲ್ಲ. ಸ್ಟೂಲು ಎಳೆಯುವಂತಿಲ್ಲ. ಕುಕ್ಕರ್ ಕೂಗುವ ಹೊತ್ತಿಗೆ ಅವ್ವ ಓಡಿ ಬಂದು ಗ್ಯಾಸ್ ಆರಿಸುತ್ತಿದ್ದಳು, ಹಾಗಾಗಿ ಬೇಳೆ ಬೇಯುತ್ತಿರಲಿಲ್ಲ. ಅಪ್ಪ ಸೀನಬೇಕಾದರೆ ಹಿತ್ತಲಿಗೆ ಹೋಗುತ್ತಿದ್ದ. ಕಿವಿಯೇ ಕೇಳಿಸದ ಒಬ್ಬ ಅಜ್ಜಿಗಾಗಿ ಒಂದು ಕುಟುಂಬ ಪೂರ್ತಿ ಪಿಸುಗುಟ್ಟಿಕೊಂಡು ಬದುಕತೊಡಗಿತು. ಅದು ನನ್ನೊಬ್ಬಳಿಗೇ ಗೊತ್ತಿತ್ತು, ಹೇಳುವಂತಿರಲಿಲ್ಲ.

ಇತ್ತ ನಾನು ಕಿಂಜಲ್ ಮನೆಯಲ್ಲೇ ಬೀಡುಬಿಟ್ಟೆ. ಅವಳ ಅಪ್ಪ ಸೂರತ್ತಿನ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದರು, ಭಾನುವಾರ ಮಾತ್ರ ಬರುತ್ತಿದ್ದರು. ಅಮ್ಮ ಅಲ್ಕಾಪುರಿ ಬಡಾವಣೆಯ ಆಫೀಸಿನಿಂದ ಮನೆ ತಲುಪುವಾಗ ಎಂಟು ದಾಟುತ್ತಿತ್ತು. ಉಳಿದಂತೆ ಆ ಮನೆ ಬಾ ಮತ್ತು ಕಿಂಜಲ್ ಇಬ್ಬರದು. ನಡುಮನೆಯಲ್ಲಿ ಒಂದು ಉಯ್ಯಾಲೆಮಣೆ. ಅದರ ಮೇಲೆ ನಾವಿಬ್ಬರು ಕೂತು ಲೆಕ್ಕ ಬಿಡಿಸುವುದು, ಎದುರಿನ ಮಂಚದಲ್ಲಿ ಬಿಳಿಸೀರೆಯ ಬಾ ಕೂತು ನಮ್ಮ ಬಾಯಿಗಳನ್ನೇ ನೋಡುವುದು. ಕಿಂಜಲ್ ಕೂಡ ನನ್ನ ಹಾಗೇ ದುಭಾಷಿ ಎಂದು ನನಗೆ ಮೊದಲ ದಿನವೇ ಗೊತ್ತಾಯಿತು. ಆದರೆ ಎಂಥ ದುಭಾಷಿ! ಬೀದಿಯಲ್ಲಿ ಗಾಡಿಯವನು ಕೂಗಿದ್ದು, ಬಾಗಿಲಿಗೆ ಬಂದವರು ಆಡಿದ್ದು, ಟಿವಿ ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ಬೈದದ್ದು, ಎಲ್ಲವನ್ನೂ ಒಂದಕ್ಷರ ಬಿಡದೆ ಬಾ ಕಿವಿಯ ಹತ್ತಿರ ಬಗ್ಗಿ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು. ಒಮ್ಮೆ ಬಾ ಕೊಟ್ಟ ಖಿಚಡಿ ತಿನ್ನುತ್ತಾ ನಾನು ಕಿಂಜಲ್‌ಗೆ ಮೆಲ್ಲಗೆ, “ಸ್ವಲ್ಪ ಸಪ್ಪೆ ಅಲ್ವಾ?” ಎಂದೆ. ಅವಳು ತಕ್ಷಣ ತಿರುಗಿ, “ಬಾ! ವಿಜು ಹೇಳ್ತಾಳೆ, ಖಿಚಡಿ ಸಪ್ಪೆ!” ಎಂದು ಕೂಗಿದಳು. ಬಾ ನನ್ನನ್ನು ದಿಟ್ಟಿಸಿ ನೋಡಿ, ಉಪ್ಪಿನಕಾಯಿ ಭರಣಿಯನ್ನು ನನ್ನ ತಟ್ಟೆಗೇ ಬಗ್ಗಿಸಿದರು.

“ಅದನ್ನೆಲ್ಲ ಯಾಕೆ ಹೇಳಿದೆ?” ಎಂದು ಹೊರಗೆ ಬಂದ ಮೇಲೆ ಜಗಳ ತೆಗೆದೆ. “ಮೂರು ಮಾತಲ್ಲಿ ಒಂದು ಹೇಳಿದ್ರೆ ಸಾಕಾಗಲ್ವಾ? ಅವರಿಗೇನು ಗೊತ್ತಾಗುತ್ತೆ?”

ಕಿಂಜಲ್‌ಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

“ಅವರಿಗೆ ಕೇಳಿಸಲ್ಲ, ನಿಜ. ಅದಕ್ಕೆ ಅವರಿಗೆ ಸೇರಬೇಕಾದ ಮಾತನ್ನ ನಾನು ಇಟ್ಟುಕೊಳ್ಳೋದಾ?”

ಇದನ್ನು ಅವಳು ಉಪದೇಶದ ಹಾಗೆ ಹೇಳಲಿಲ್ಲ. ಸೈಕಲ್ ಚೈನು ಕಳಚಿಕೊಂಡಿತ್ತು, ಅದನ್ನು ಸಿಕ್ಕಿಸುತ್ತಾ ಹೇಳಿದಳು. ನಾನು ಮಾತ್ರ ಆ ದಿನ ಮನೆಗೆ ಹೋಗಿ ಅವ್ವನ ಮುಖ ನೋಡಲಾರದೆ, ಯಾರೂ ಹೇಳದೆಯೇ ಬಟ್ಟೆ ಮಡಚಿಟ್ಟೆ. ಅವ್ವ ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು.

ಮುಂದಿನ ವಾರ ಕಿಂಜಲ್‌ಳ ಸಂಜೆಯ ಟ್ಯೂಷನ್ನಿಗೆ ರಜೆ. ಏಳರ ಹೊತ್ತಿಗೆ ನಾನು ಆ ಮನೆಯಲ್ಲೇ ಇದ್ದೆ. ಬಾ ಮಂಚದ ಮೇಲೆ ಗೋಡೆಗೆ ಅಂಗೈಯಿಟ್ಟು ಕೂತಿದ್ದರು. ಐದು ನಿಮಿಷ, ಹತ್ತು ನಿಮಿಷ. ಆಮೇಲೆ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

“ದಿನಾ ಹೀಗೇ ಕೂರ್ತಾರಂತೆ,” ಎಂದಳು ಕಿಂಜಲ್. “ಈ ಹೊತ್ತಿಗೆ ಮನೆಯಲ್ಲಿ ಯಾರೂ ಇರಲ್ಲ ಅಲ್ವಾ. ಆವಾಗ ಗೋಡೆ ಕರೀತಿತ್ತು, ಬಾ ಉತ್ತರ ಕೊಡ್ತಿದ್ದರು. ಈಗ ನಿಂತುಹೋಗಿದೆ. ‘ನಾನು ಜೋರಾಗಿ ತಟ್ಟಿಬಿಟ್ಟೆ, ಅವರಿಗೆ ಬೇಜಾರಾಯ್ತು’ ಅಂತಾರೆ ಬಾ.”

ಅಷ್ಟರಲ್ಲಿ ಬಾ ನನಗೇ ಏನೋ ಕೇಳಿದರು: ನಿಮ್ಮ ಮನೆಯಲ್ಲಿ ಮೊಳೆ ಖಾಲಿಯಾಯಿತೇ?

ಗೋಡೆಯ ಈ ಕಡೆ ಒಬ್ಬರು, ಆ ಕಡೆ ಒಬ್ಬರು, ಇಬ್ಬರೂ ತಮ್ಮಿಂದ ಇನ್ನೊಬ್ಬರಿಗೆ ನೋವಾಯಿತೆಂದು ಕೊರಗುತ್ತಿದ್ದರು. ನಡುವೆ ಕೂತು ಖಿಚಡಿ ತಿನ್ನುತ್ತಿದ್ದವಳು ನಾನು. ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಹೇಳಿದರೆ ಕಿಂಜಲ್ ಹೋಗುತ್ತಾಳೆ ಎಂದು ಮುಚ್ಚಿದೆ. ಅವಳೊಬ್ಬಳೇ ಇದ್ದಳಲ್ಲ ನನಗೆ.

ಬಾ ನನ್ನಷ್ಟು ಹೇಡಿಯಲ್ಲ. ಎರಡು ದಿನ ಬಿಟ್ಟು, ಸಂಜೆ ಏಳಕ್ಕೆ ಸರಿಯಾಗಿ, ಕೋಲೂರಿಕೊಂಡು, ಕಿಂಜಲ್‌ಳ ಹೆಗಲು ಹಿಡಿದು ಅವರೇ ನಮ್ಮ ಮನೆಗೆ ಬಂದುಬಿಟ್ಟರು. ಅಪ್ಪನಿಗೆ ಎರಡನೆಯ ಪಾಳಿ. ಮನೆಯಲ್ಲಿ ನಾನು, ಅವ್ವ. ಬಾಗಿಲಲ್ಲಿ ಆರಾಮಿಲ್ಲದ ಮುದುಕಿಯೇ ನಿಂತಿದ್ದನ್ನು ಕಂಡು ಅವ್ವ ಗಾಬರಿಯಿಂದ ಕುರ್ಚಿ ಎಳೆದಳು, ಎಳೆದ ಸದ್ದಿಗೆ ತಾನೇ ನಾಲಿಗೆ ಕಚ್ಚಿಕೊಂಡಳು, ಬಾ ಅವರನ್ನು ಕೂರಿಸಿ ಎದುರಿಗೆ ನೆಲದ ಮೇಲೆ ಕೂತುಬಿಟ್ಟಳು.

“ಅಜ್ಜೀ, ತಪ್ಪಾತ್ರೀ,” ಎಂದು ಶುರುಮಾಡಿದಳು. “ನನಗ ಗೊತ್ತಿದ್ದಿಲ್ಲ. ಊರಾಗ ಮಣ್ಣಿನ ಗ್ವಾಡಿ, ಎಷ್ಟ್ ಬಡದರೂ ಯಾರಿಗೂ ಕೇಳತಿದ್ದಿಲ್ಲ. ನಮ್ಮವ್ವನೂ ನಿಮ್ಮ ವಯಸ್ಸಿನಾಕಿನ. ಆಕಿ ಆರಾಮಿಲ್ಲದ ಮಲಗಿದ್ದಾಗ ಬಾಜೂ ಮನ್ಯಾಗ ಹಿಂಗ ಯಾರರೆ ಬಡದಿದ್ದರ ನಾನೂ ಜಗಳಾಕ್ಕ ಹೋಗತಿದ್ದೆ. ನೀವು ಬೈಲಿಲ್ಲ, ಹುಡುಗೀನ ಕಳಿಸಿ ಹೇಳಿದ್ರಿ. ಅದು ದೊಡ್ಡ ಮಾತು. ಅವತ್ತಿಂದ ನಾ ಒಂದು ರೊಟ್ಟಿ ಬಡದಿಲ್ಲ.”

ಹೇಳುತ್ತಾ ಅವಳ ಕಣ್ಣು ತುಂಬಿಬಂದಿತ್ತು. ಗದ್ದ ನನ್ನ ಕಡೆ ತಿರುಗಿತು.

“ಹೇಗಿದ್ದೀರಿ ಅಂತ ಕೇಳ್ತಿದ್ದಾಳೆ,” ಎಂದೆ ನಾನು.

ಕಿಂಜಲ್ ಅದನ್ನು ಬಾ ಕಿವಿಯಲ್ಲಿ ಕೂಗಿದಳು. ಆದರೆ ಬಾ ಮೂವತ್ತು ವರ್ಷದಿಂದ ಬಾಯಿ, ಕಣ್ಣು, ಕೈ ನೋಡಿಯೇ ಜನರನ್ನು ಓದಿದವರು. ಅವರು ಕೋಲನ್ನು ನೆಲಕ್ಕೆ ಕುಟ್ಟಿದರು.

“ಇಷ್ಟುದ್ದ ಮಾತಾಡಿ, ಅಳುತ್ತಾ, ಹೇಗಿದ್ದೀರಿ ಅಂತ ಯಾರಾದರೂ ಕೇಳ್ತಾರೇನೇ? ಈ ಹುಡುಗಿ ಮಾತನ್ನ ನುಂಗ್ತಾ ಇದಾಳೆ!”

ಕಿಂಜಲ್ ನನ್ನನ್ನು ನೋಡಿದಳು. ಆಮೇಲೆ ನಮ್ಮ ಖಾಲಿ ಗೋಡೆಗಳನ್ನು ನೋಡಿದಳು. ಮೊಳೆಯೂ ಇಲ್ಲ, ಫೋಟೋವೂ ಇಲ್ಲ. ಅವಳು ಏನೂ ಕೇಳುವ ಮೊದಲೇ ನಾನು ಹೇಳಿಬಿಟ್ಟೆ, ಮೆಲ್ಲಗೆ, ಅವಳಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. ಮೊಳೆ ಹೊಡೆದದ್ದಲ್ಲ, ರೊಟ್ಟಿ. ಹಪ್ಪಳವಲ್ಲ, ಅದೂ ರೊಟ್ಟಿ. ಬಾ ಕೇಳಿದ್ದನ್ನು ನಾನು ಅವ್ವನಿಗೆ ಹೇಳಲಿಲ್ಲ, ದೂರು ಎಂದು ಹೇಳಿದೆ. ನಾಚಿಕೆಯಾಗುತ್ತಿತ್ತು, ಅದಕ್ಕೆ. ನನ್ನ ಲೆಕ್ಕದಲ್ಲಿ ಇದು ನಮ್ಮಿಬ್ಬರ ನಡುವಿನ ಗುಟ್ಟು. ಆದರೆ ಕಿಂಜಲ್ ಎಂಥ ದುಭಾಷಿ ಎಂಬುದನ್ನು ಆ ಗಳಿಗೆಯಲ್ಲಿ ಮರೆತಿದ್ದೆ. ಅವಳು ಬಾ ಕಿವಿಗೆ ಬಗ್ಗಿ, ನನ್ನ ತಪ್ಪೊಪ್ಪಿಗೆಯನ್ನು ಹಪ್ಪಳದ ಸಮೇತ, ಒಂದಕ್ಷರ ಬಿಡದೆ, ಇಡೀ ಸೊಸೈಟಿಗೆ ಕೇಳಿಸುವ ಹಾಗೆ ಕೂಗಿದಳು. ಎದುರು ಮನೆಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಅವುಗಳ ಮೇಲಿನ ಬಾಲ್ಕನಿಯಿಂದ ಯಾರೋ, “ಯಾರು ಸುಳ್ಳು ಹೇಳಿದ್ದು?” ಎಂದು ಕೇಳಿದರು. ಕಿಂಜಲ್ ಅದಕ್ಕೂ ಉತ್ತರ ಕೊಟ್ಟಳು.

“ನಿನ್ನ ಮೇಲೆ ನನಗೆ ತುಂಬಾ ಸಿಟ್ಟು ಬಂದಿದೆ,” ಎಂದಳು ಆಮೇಲೆ ನನಗೆ. “ಅದು ನಾಳೆ. ಈಗ ಇವರಿಬ್ಬರ ಮಾತು ಮುಗಿಸೋಣ. ನಿಮ್ಮ ಅಮ್ಮಂಗೆ ಹೇಳು. ಪೂರ್ತಿ.”

ಹೇಳಿದ ಹಾಗೇ ಆ ಸಿಟ್ಟನ್ನು ತೀರಿಸಿಕೊಂಡಳು ಕೂಡ. ಎರಡು ದಿನ ಸೈಕಲ್ಲನ್ನು ನನಗಿಂತ ಹತ್ತು ಅಡಿ ಮುಂದೆಯೇ ಓಡಿಸಿದಳು. ಆದರೆ ತಿರುವು ಬಂದಲ್ಲೆಲ್ಲ ಕಾಲೂರಿ ನಿಂತು, ನಾನು ಬರುವುದು ಕಂಡ ಮೇಲೆ ಮತ್ತೆ ಹೊರಡುತ್ತಿದ್ದಳು.

ಅವ್ವನಿಗೆ ಹೇಳುವುದು ಸೊಸೈಟಿಗೆ ಕೇಳಿಸುವುದಕ್ಕಿಂತ ಕಷ್ಟವಾಯಿತು. ಹೇಳಿದೆ. ಬಾ ಅಂದು ಕೇಳಿ ಕಳಿಸಿದ್ದು, ‘ನನ್ನನ್ನು ಯಾರು ಕರೆಯುತ್ತಿದ್ದಾರೆ’ ಎಂದು. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಆಮೇಲೆ ಡಾಕ್ಟರ ವಿಷಯ ಕೇಳಿದಳು. ಅವ್ವ ಎಲ್ಲವನ್ನೂ ಊಹಿಸಿಬಿಟ್ಟಿದ್ದಳು. ಅದನ್ನೂ ಹೇಳಿದೆ, ತರಕಾರಿಯವನದನ್ನೂ ಹೇಳಿದೆ. ಕೊತ್ತಂಬರಿಯ ಮಾತಿಗೆ ಅವಳ ತುಟಿ ಒಂದಿಷ್ಟು ಅಲುಗಿದಂತೆ ಕಂಡಿತು. ಬೈಗುಳಕ್ಕೆ ಕಾದು ತಲೆ ತಗ್ಗಿಸಿ ಕೂತೆ. ಅವಳು ಬಾ ಕಡೆ ತಿರುಗಿದಳು.

“ಅಜ್ಜೀ, ಈಕಿ ಮಾಡಿದ್ದು ತಪ್ಪು. ಆದರ ನಾನೂ ಒಂದು ಮಾತ ನುಂಗೀನಿ. ಈ ಊರಿಗೆ ಬಂದಾಗಿಂದ ನನಗ ಬಾಯಿ ಅಂದರ ಈಕಿನ. ಅಂಗಡಿಗೆ, ದವಾಖಾನಿಗೆ, ಗ್ಯಾಸಿನವನ ಹಂತ್ಯಾಕ, ಎಲ್ಲಿ ಕರದರೂ ಆಟ ಬಿಟ್ಟ ಬಂದ ನಿಂತಾಳ. ಅಷ್ಟ ಮಂದಿ ಮುಂದ ನನ್ನ ಮಾತ ಹೊತಗೊಂಡ ನಿಲ್ಲೂದ ಸಣ್ಣ ಕೂಸಿಗೆ ಎಷ್ಟ ಭಾರ ಆಗತೈತಿ ಅಂತ ನಾ ಒಂದ ದಿನ ವಿಚಾರ ಮಾಡಲಿಲ್ಲ. ಚಲೋ ಮಾಡಿದಿ ಮಗಳ ಅಂತ ಒಂದ ದಿನ ಅನ್ನಲಿಲ್ಲ. ಈಕಿ ಇರಲಿಲ್ಲಂದರ ನಾ ಈ ಗ್ವಾಡಿಗೋಳ ಕೂಡ ಮಾತಾಡಬೇಕಿತ್ತು.”

ಗದ್ದ ನನ್ನ ಕಡೆ ತಿರುಗಿತು.

ಇದನ್ನು ಮಾತ್ರ ಮೂರರಲ್ಲೊಂದು ಮಾಡಲು ಬಿಡಿ ಎಂದು ಬೇಡಿಕೊಳ್ಳುವಂತೆ ಕಿಂಜಲ್ ಕಡೆ ನೋಡಿದೆ. ಅವಳು ಹುಬ್ಬೇರಿಸಿ ಕಾದಳು. ಹೇಳಿದೆ. ನನ್ನ ಬಗ್ಗೆ ಅವ್ವ ಆಡಿದ ಮಾತುಗಳನ್ನು, ಕೂಸು ಅಂದದ್ದನ್ನು, ಭಾರ ಅಂದದ್ದನ್ನು, ಮಗಳೇ ಅಂದದ್ದನ್ನು, ನನ್ನದೇ ಬಾಯಿಂದ, ಮೂಗು ಒರೆಸಿಕೊಳ್ಳುತ್ತಾ, ಪೂರ್ತಿ ಹೇಳಿದೆ. ಅವ್ವನ ಮಾತು ಎಷ್ಟು ಚೆನ್ನಾಗಿತ್ತು ಎಂಬುದು ಅದನ್ನು ಮೊದಲ ಸಲ ಇಡಿಯಾಗಿ ಹೊತ್ತಾಗಲೇ ನನಗೆ ತಿಳಿದದ್ದು. ಕಿಂಜಲ್ ಅದನ್ನು ಬಾ ಕಿವಿಯಲ್ಲಿ ಕೂಗಿದಳು. ನಡುವೆ ಎರಡು ಸಲ ಅವಳ ಧ್ವನಿ ಒಡೆಯಿತು, ಆದರೆ ಅವಳೂ ಏನನ್ನೂ ಬಿಡಲಿಲ್ಲ.

ಬಾ ಅವ್ವನ ಕೈ ಹಿಡಿದುಕೊಂಡು, ಅಂಗೈಯನ್ನು ಮಗುಚಿ ನೋಡಿ, ನನ್ನ ಕಡೆ ತಿರುಗಿ ಹೇಳಿದರು.

“ನಿನ್ನ ಅಮ್ಮಂಗೆ ಹೇಳು: ಈ ಹುಡುಗಿಗೆ ಮೊದಲು ಬೆನ್ನ ಮೇಲೆ ಒಂದು ಸರಿಯಾಗಿ ಬಿಡು. ಆಮೇಲೆ ಬಿಸಿಬಿಸಿ ರೊಟ್ಟಿ ಬಡಿದು ಎಲ್ಲರಿಗಿಂತ ಮೊದಲು ಇವಳಿಗೇ ಕೊಡು.”

ಅದನ್ನೂ ನಾನು ಒಂದಕ್ಷರ ಬಿಡದೆ ಅವ್ವನಿಗೆ ಹೇಳಿದೆ. ಅವ್ವ ಎರಡನ್ನೂ ಅದೇ ಕ್ರಮದಲ್ಲಿ ಕೊಟ್ಟಳು.